ಇನ್ನೂ ತಾನಾಗಿ ತಿನ್ನಲು ಬಾರದ ಕಾಕಟೀಲ್ ಮರಿಗೆ ಏನನ್ನು, ಹೇಗೆ ತಿನ್ನಿಸಬೇಕು?

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆಂದು ಕಾಕಟೀಲ್ ಗಿಳಿಯ ಮರಿಯೊಂದನ್ನು ತಂದಿದ್ದೇವೆ. ಒಂದು ತಿಂಗಳ ಮರಿ, ಕೈಯಲ್ಲಿ ತಿನ್ನಿಸಿ ಬೆಳೆಸಿದರೆ ಚೆನ್ನಾಗಿ ಹೊಂದಿಕೊಳ್ಳುತ್ತದೆ ಎಂದು ಅಂಗಡಿಯವರು ಹೇಳಿದರು. ಮೈಮೇಲೆ ಇನ್ನೂ ಪೂರ್ತಿ ಗರಿ ಬಂದಿಲ್ಲ. ಹಾಲಿನಲ್ಲಿ ನೆನೆಸಿದ ಬ್ರೆಡ್ಡನ್ನೂ ರಾಗಿ ಗಂಜಿಯನ್ನೂ ಸಿರಿಂಜಿನಲ್ಲಿ ಕೊಡುತ್ತಿದ್ದೇವೆ. ಮೊದಲು ಆಸೆಯಿಂದ ತಿನ್ನುತ್ತಿತ್ತು. ಎರಡು ದಿನಗಳಿಂದ ಕತ್ತಿನ ಕೆಳಗಿನ ಉಬ್ಬು ಬೆಳಗಾದರೂ ಇಳಿಯುತ್ತಿಲ್ಲ, ತಿನ್ನುವುದೂ ಕಡಿಮೆಯಾಗಿದೆ. ಏನು ಮಾಡಬೇಕು? ಪಕ್ಕದ ತೋಟದಲ್ಲಿ ಒಣಗಿದ ತೆಂಗಿನ ಮರ ಕಡಿದಾಗ ಹಸಿರು ಗಿಣಿಯ ಮರಿಯೊಂದು ಸಿಕ್ಕಿದೆ, ಅದನ್ನೂ ಇದರ ಜೊತೆಗೇ ಸಾಕಬಹುದೇ? (ಚಿತ್ರದುರ್ಗ ಜಿಲ್ಲೆಯ ಓದುಗರೊಬ್ಬರು)

ಉತ್ತರ: ನೀವು ಕೇಳಿರುವುದು ಹಲವು ವಿಷಯಗಳಾದರೂ ಅವುಗಳಲ್ಲಿ ಒಂದಕ್ಕೆ ಮಾತ್ರ ನಾಳೆಯವರೆಗೆ ಕಾಯುವ ವ್ಯವಧಾನವಿಲ್ಲ. ಕತ್ತಿನ ಕೆಳಗಿನ ಉಬ್ಬು ಬೆಳಗಾದರೂ ಇಳಿಯುತ್ತಿಲ್ಲ ಎಂದಿದ್ದೀರಿ. ಗಿಳಿಗಳು ತಿಂದದ್ದು ನೇರವಾಗಿ ಹೊಟ್ಟೆಗೆ ಹೋಗುವುದಿಲ್ಲ. ಕತ್ತಿನ ಬುಡದಲ್ಲಿರುವ, ವೈದ್ಯರು ಕ್ರಾಪ್ ಎಂದು ಕರೆಯುವ ಗಂಟಲ ಚೀಲದಲ್ಲಿ ಮೊದಲು ಸೇರಿಕೊಂಡು, ಅಲ್ಲಿಂದ ಸ್ವಲ್ಪ ಸ್ವಲ್ಪವಾಗಿ ಕೆಳಕ್ಕೆ ಇಳಿಯುತ್ತದೆ. ಆರೋಗ್ಯವಂತ ಮರಿಯಲ್ಲಿ ಈ ಚೀಲವು ದಿನಕ್ಕೆ ಒಮ್ಮೆಯಾದರೂ, ಸಾಮಾನ್ಯವಾಗಿ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ, ಪೂರ್ತಿಯಾಗಿ ಬರಿದಾಗಬೇಕು. ಎರಡು ದಿನ ಬರಿದಾಗದೆ ಉಳಿದ ಆಹಾರವು ಆ ಬೆಚ್ಚಗಿನ ಚೀಲದೊಳಗೆ ಹುಳಿಯುತ್ತದೆ, ಅದರಲ್ಲಿ ಕ್ಯಾಂಡಿಡ ಎಂಬ ಶಿಲೀಂಧ್ರವೂ ಬ್ಯಾಕ್ಟೀರಿಯಗಳೂ ಬೆಳೆಯುತ್ತವೆ. ಮರಿಯ ಬಾಯಿಯ ಬಳಿ ಹುಳಿ ವಾಸನೆ ಬರುತ್ತಿದ್ದರೆ ಅದು ಇದೇ ಸ್ಥಿತಿಯ ಗುರುತು. ಆದ್ದರಿಂದ ಈ ಉತ್ತರದ ಉಳಿದ ಭಾಗವನ್ನು ಓದುವ ಮೊದಲು ಮರಿಯನ್ನು ಹಕ್ಕಿಗಳಿಗೆ ಚಿಕಿತ್ಸೆ ನೀಡಬಲ್ಲ ಪಶುವೈದ್ಯರ ಬಳಿಗೆ ಕರೆದೊಯ್ಯುವ ಏರ್ಪಾಡು ಮಾಡಿ. ನಿಮ್ಮ ಊರಿನಲ್ಲಿ ಅಂಥವರಿಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಚಿಕಿತ್ಸಾಲಯವನ್ನು ವಿಚಾರಿಸಬಹುದು.

ವೈದ್ಯರು ಚೀಲದಲ್ಲಿರುವುದನ್ನು ಸ್ವಲ್ಪ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಗತ್ಯವಿದ್ದರೆ ಅದನ್ನು ಹೊರತೆಗೆದು ತೊಳೆದು, ಶಿಲೀಂಧ್ರವಿದ್ದರೆ ನಿಸ್ಟಾಟಿನ್‌ನಂಥ ಔಷಧ ಕೊಡುತ್ತಾರೆ. ಔಷಧದ ಅಂಗಡಿಯಲ್ಲಿ ಕೇಳಿ ತಂದು ನೀವೇ ಕೊಡುವ ಸಾಹಸ ಬೇಡ. ಮರಿಯನ್ನು ತಲೆಕೆಳಗೆ ಮಾಡಿ ಚೀಲ ಒತ್ತಿ ಕಕ್ಕಿಸುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಅದನ್ನಂತೂ ಖಂಡಿತ ಮಾಡಬೇಡಿ, ಏಕೆಂದರೆ ಹಾಗೆ ಮೇಲೆ ಬಂದ ಆಹಾರ ಶ್ವಾಸನಾಳಕ್ಕೆ ಹೋದರೆ ಮರಿ ನಿಮ್ಮ ಕೈಯಲ್ಲೇ ಸಾಯುತ್ತದೆ. ವೈದ್ಯರನ್ನು ಕಾಣುವವರೆಗೆ ಹಳೆಯ ಆಹಾರದ ಮೇಲೆ ಹೊಸ ಆಹಾರವನ್ನು ತುಂಬದೆ, ಮರಿಯನ್ನು ಬೆಚ್ಚಗಿಡಿ. ಪ್ರಯಾಣಕ್ಕೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆ ಸಾಕು. ಅದರ ಒಂದು ಬದಿಯಲ್ಲಿ ಮಾತ್ರ ಬಿಸಿನೀರಿನ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿಡಿ, ಸೆಕೆಯಾದರೆ ಮರಿ ಇನ್ನೊಂದು ಬದಿಗೆ ಸರಿದುಕೊಳ್ಳಲಿ.

ಈಗ ಹೀಗೇಕಾಯಿತು ಎಂಬುದನ್ನು ನೋಡೋಣ. ಮೊದಲ ಅನುಮಾನ ಹಾಲಿನ ಮೇಲೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಒಡೆದು ಅರಗಿಸಿಕೊಳ್ಳುವ ಕಿಣ್ವ ಹಕ್ಕಿಗಳಿಗಿಲ್ಲ. ಮರಿಗೆ ಹಾಲೇ ಪುಷ್ಟಿ ಎಂಬ ನಮ್ಮ ನಂಬಿಕೆ ಕರುವಿಗೂ ಮಗುವಿಗೂ ಸರಿ, ಗಿಳಿಗೆ ಸಲ್ಲದು. (ಪಾರಿವಾಳ ತನ್ನ ಮರಿಗೆ ಹಾಲು ಕೊಡುತ್ತದಲ್ಲ ಎಂದು ಕೇಳುವವರುಂಟು. ಅದು ಗಂಟಲ ಚೀಲದ ಒಳಪದರದಿಂದ ಉದುರಿದ ಪ್ರೋಟೀನು ಮತ್ತು ಕೊಬ್ಬಿನ ಮುದ್ದೆ, ಅದರಲ್ಲಿ ಲ್ಯಾಕ್ಟೋಸ್ ಇರುವುದಿಲ್ಲ.) ಮಕ್ಕಳಿಗೆಂದು ಡಬ್ಬಿಯಲ್ಲಿ ಬರುವ ಹಾಲಿನಪುಡಿ ಬೆರೆತ ಆಹಾರಗಳೂ ಇದೇ ಕಾರಣಕ್ಕೆ ಬೇಡ. ಬ್ರೆಡ್ಡಿನಲ್ಲಿರುವುದು ಬಹುಪಾಲು ಪಿಷ್ಟ ಮತ್ತು ಉಪ್ಪು. ಒದ್ದೆಯಾದ ಬ್ರೆಡ್ಡು ಹಿಟ್ಟಿನಂತೆ ಅಂಟಿಕೊಂಡು ಬೇಗ ಹುಳಿಯುತ್ತದೆ. ರಾಗಿಯ ವಿಷಯದಲ್ಲಿ ಮಾತ್ರ ನನಗೂ ಸ್ವಲ್ಪ ಪಕ್ಷಪಾತವಿದೆ, ಅದರಲ್ಲಿ ಕ್ಯಾಲ್ಸಿಯಂ ಹೇರಳವಾಗಿರುವುದು ನಿಜ. ಆದರೆ ರಾಗಿಯಲ್ಲಿ ಪ್ರೋಟೀನು ಶೇಕಡಾ 7ರ ಆಸುಪಾಸಿನಲ್ಲಿದೆ. ಕಾಕಟೀಲ್ ಮರಿಗಳು ಸರಿಯಾಗಿ ಬೆಳೆಯಲು ಆಹಾರದಲ್ಲಿ ಸುಮಾರು ಶೇಕಡಾ 20ರಷ್ಟು ಪ್ರೋಟೀನು ಬೇಕೆಂದು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗಗಳು ತೋರಿಸಿಕೊಟ್ಟಿವೆ. ಗಂಜಿಯೊಂದರಲ್ಲೇ ಬೆಳೆದ ಮರಿ ಹೊಟ್ಟೆ ತುಂಬಿದಂತೆ ಕಂಡರೂ ಅದರ ಎಲುಬು ಮೆದುವಾಗಿ, ಕಾಲು ಸೊಟ್ಟಗಾಗಿ, ಗರಿ ಅರೆಬರೆಯಾಗಿ ಬರುವುದು ಸಾಮಾನ್ಯ.

ಎರಡನೆಯ ಅನುಮಾನ ಚಳಿಯ ಮೇಲೆ. ಮನೆಯವರು ಆಹಾರದ ಬಗ್ಗೆ ಪಡುವ ಚಿಂತೆಯ ಅರ್ಧದಷ್ಟನ್ನೂ ಶಾಖದ ಬಗ್ಗೆ ಪಡುವುದಿಲ್ಲ, ಆದರೆ ಇವೆರಡೂ ಬೇರೆ ಬೇರೆ ವಿಷಯಗಳೇ ಅಲ್ಲ. ಮೈ ತಣ್ಣಗಾದ ಮರಿಯ ಗಂಟಲ ಚೀಲ ಚಲಿಸುವುದನ್ನು ನಿಲ್ಲಿಸುತ್ತದೆ, ಆಗ ಎಷ್ಟೇ ಒಳ್ಳೆಯ ಆಹಾರ ಕೊಟ್ಟರೂ ಅದು ಅಲ್ಲೇ ಕುಳಿತು ಕೆಡುತ್ತದೆ. ಹಾಗಾಗಿ ಮುಟ್ಟಿದಾಗ ಮರಿ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿ, ಅದು ಚುರುಕಾದ ಮೇಲೆಯೇ ತಿನ್ನಿಸಬೇಕು. ಒಂದು ತಿಂಗಳ ಮರಿ ಎಂದು ನಿಮಗೆ ಹೇಳಿದ್ದಾರೆ. ಕಾಕಟೀಲ್ ಮರಿಗೆ ಎರಡನೆಯ ವಾರದ ಹೊತ್ತಿಗೆ ಮುಳ್ಳಿನಂಥ ಗರಿಕಡ್ಡಿಗಳು ಮೂಡಿ, ಮೂರನೆಯ ವಾರದಲ್ಲಿ ಅವು ಬಿಚ್ಚಿಕೊಳ್ಳತೊಡಗುತ್ತವೆ. ನಾಲ್ಕು ವಾರ ದಾಟಿದ ಮರಿ ಗಿಡ್ಡ ಬಾಲದ ದೊಡ್ಡ ಹಕ್ಕಿಯಂತೆಯೇ ಕಾಣುತ್ತದೆ. ಗರಿ ಪೂರ್ತಿ ಬಂದಿಲ್ಲವೆಂದರೆ ನಿಮ್ಮದು ಮೂರು ವಾರದ ಆಸುಪಾಸಿನದ್ದೆಂದು ನನ್ನ ಊಹೆ. ಆಗತಾನೇ ಮೊಟ್ಟೆಯೊಡೆದ ಮರಿಗೆ 35ರಿಂದ 36 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಗರಿಕಡ್ಡಿ ಬಿಚ್ಚುತ್ತಿರುವ ಮರಿಗೆ 29ರಿಂದ 31, ಪೂರ್ತಿ ಗರಿ ಬಂದದ್ದಕ್ಕೆ 24ರಿಂದ 27. ಗೂಡಿನಲ್ಲಿ ಈ ಶಾಖವನ್ನು ಒಡಹುಟ್ಟಿದ ಮರಿಗಳ ಮೈಯೂ ತಂದೆತಾಯಿಯ ಮೈಯೂ ಕೊಡುತ್ತವೆ. ಚಿತ್ರದುರ್ಗದ ಕಡೆ ಚಳಿಗಾಲದ ರಾತ್ರಿ 20 ಡಿಗ್ರಿಗಿಂತ ಕೆಳಗಿಳಿಯುವಾಗ ಒಂಟಿ ಮರಿಯನ್ನು ಬಟ್ಟೆ ಹಾಸಿದ ಪಂಜರದಲ್ಲಿ ಬಿಟ್ಟರೆ ಅದಕ್ಕೆ ಅದು ದೊರೆಯುವುದಿಲ್ಲ.

ಇದಕ್ಕೆ ದುಬಾರಿ ಯಂತ್ರವೇನೂ ಬೇಕಿಲ್ಲ. ಗಾಳಿಗೆ ತೂತುಗಳಿರುವ ಪ್ಲಾಸ್ಟಿಕ್ ಡಬ್ಬವೊಂದರ ಕೆಳಗೆ, ಅರ್ಧ ಭಾಗಕ್ಕೆ ಮಾತ್ರ ತಾಗುವಂತೆ ಕಡಿಮೆ ಶಾಖದಲ್ಲಿಟ್ಟ ಹೀಟಿಂಗ್ ಪ್ಯಾಡ್ ಇಡಬಹುದು, ಅಥವಾ ಬೆಳಕು ಬೀರದ ಸೆರಾಮಿಕ್ ಬಲ್ಬನ್ನು ಮರಿಗೆ ಎಟುಕದಂತೆ ಮೇಲೆ ಹಾಕಬಹುದು. ಸಾಮಾನ್ಯ ಬಲ್ಬಿನಿಂದಲೂ ಶಾಖ ಬರುತ್ತದಾದರೂ ರಾತ್ರಿಯಿಡೀ ಬೆಳಕಿದ್ದರೆ ಮರಿಗೆ ನಿದ್ರೆಯಿಲ್ಲ. ಯಾವುದನ್ನು ಬಳಸಿದರೂ ಮರಿ ಕೂರುವ ಜಾಗದಲ್ಲಿ ಥರ್ಮಾಮೀಟರ್ ಇರಲೇಬೇಕು, ಅಂದಾಜು ಸಾಲದು. ಮರಿಯ ನಡವಳಿಕೆಯೂ ಹೇಳುತ್ತದೆ: ಬಾಯಿ ತೆರೆದು ಏದುಸಿರು ಬಿಡುತ್ತ ರೆಕ್ಕೆ ಅಗಲಿಸಿದ್ದರೆ ಶಾಖ ಹೆಚ್ಚಾಗಿದೆ, ಮುದುಡಿ ನಡುಗುತ್ತಿದ್ದರೆ ಸಾಲದಾಗಿದೆ. ಒಂದು ಸಣ್ಣ ಬಟ್ಟಲಿನಲ್ಲಿ ಒದ್ದೆ ಸ್ಪಂಜನ್ನು, ಮರಿ ಒಳಗೆ ಬೀಳದಂತೆ ಮುಚ್ಚಿಟ್ಟರೆ ಗಾಳಿ ತೀರ ಒಣಗುವುದಿಲ್ಲ. ಹಾಸಲು ಅಡುಗೆಮನೆಯ ಟಿಶ್ಯೂ ಕಾಗದ ಒಳ್ಳೆಯದು. ಬರೀ ದಿನಪತ್ರಿಕೆಯ ಮೇಲೆ ಕಾಲು ಜಾರಿ ಎರಡೂ ಬದಿಗೆ ಚಾಚಿಕೊಳ್ಳುವ ತೊಂದರೆ ಬರುತ್ತದೆ, ಮರದ ಹೊಟ್ಟನ್ನು ಹಾಸಿದರೆ ಅದನ್ನೇ ನುಂಗುತ್ತದೆ.

ಇನ್ನು ಆಹಾರ. ಗಿಳಿಮರಿಗಳಿಗೆಂದೇ ತಯಾರಿಸಿದ ಪುಡಿಯನ್ನೇ ಕೊಡಿ ಎಂಬುದು ನನ್ನ ಸ್ಪಷ್ಟ ಸಲಹೆ. ಕೇಟೀ ಎಕ್ಸ್ಯಾಕ್ಟ್, ನ್ಯೂಟ್ರಿಬರ್ಡ್ ಎ 21 ಮುಂತಾದವು ನಮ್ಮ ದೊಡ್ಡ ಊರುಗಳ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತವೆ. ಬೆಲೆ ಹೆಚ್ಚೆನಿಸಬಹುದು, ಆದರೆ ಮರಿ ತಾನಾಗಿ ತಿನ್ನುವವರೆಗಿನ ಕೆಲವೇ ವಾರಗಳಿಗೆ ಬೇಕಾದ ಖರ್ಚದು. ಡಬ್ಬಿ ಒಡೆದು ಬಿಡಿಯಾಗಿ ತೂಗಿ ಮಾರುವ ಪುಡಿ ಬೇಡ. ಅದು ಎಂದಿನದೋ, ಎಷ್ಟು ಗಾಳಿ ಕುಡಿದಿದೆಯೋ ತಿಳಿಯದು. ಪುಡಿ ಕೈಸೇರಲು ಒಂದೆರಡು ದಿನ ತಡವಾಗುವುದಾದರೆ ಚೆನ್ನಾಗಿ ಬೆಂದ, ಸಿಪ್ಪೆ ತೆಗೆದ ಕಡಲೆಕಾಳನ್ನು ನುಣ್ಣಗೆ ಅರೆದು, ಸೋಸಿ, ತೆಳ್ಳಗೆ ಮಾಡಿ ಕೊಟ್ಟು ಆ ಹೊತ್ತನ್ನು ದಾಟಿಸಬಹುದು, ಆದರೆ ಅದೇ ಊಟವಾಗಬಾರದು. ನಿಮ್ಮ ಮರಿಯ ಚೀಲ ಈಗ ಕೆಟ್ಟಿರುವುದರಿಂದ ಇದನ್ನೂ ವೈದ್ಯರನ್ನು ಕೇಳಿಯೇ ಕೊಡಬೇಕು.

ಪುಡಿಗೆ ಎಷ್ಟು ನೀರು ಎಂಬುದನ್ನು ಡಬ್ಬಿಯ ಮೇಲಿನ ಅಳತೆಯಂತೆ ಮಾಡಿ. ಗಟ್ಟಿಯಾಗಿದ್ದರೆ ಬಲ ಹೆಚ್ಚೆಂದು ತಿಳಿದು ನೀರು ಕಡಿಮೆ ಮಾಡಿದರೆ ಮರಿ ನಿರ್ಜಲವಾಗಿ ಚೀಲ ನಿಧಾನವಾಗುತ್ತದೆ. ತೀರ ನೀರಾಗಿಸಿದರೆ ಹೊಟ್ಟೆ ತುಂಬಿಯೂ ಉಪವಾಸ. ಮರಿ ಬಾಯಿಗೆ ತಾಗುವ ಹೊತ್ತಿನಲ್ಲಿ ಆಹಾರ 39ರಿಂದ 41 ಡಿಗ್ರಿಯಲ್ಲಿರಬೇಕು. ಇದಕ್ಕಿಂತ ತಣ್ಣಗಾದರೆ ಮರಿ ಒಲ್ಲದು, ನುಂಗಿದರೂ ಚೀಲ ನಿಲ್ಲುತ್ತದೆ. 43 ಡಿಗ್ರಿ ದಾಟಿದರೆ ಚೀಲದ ಒಳಗೋಡೆ ಸುಡುತ್ತದೆ, ಮತ್ತು ಈ ಸುಟ್ಟಗಾಯ ಅಂದೇ ಕಾಣುವುದಿಲ್ಲ. ಕೆಲವು ದಿನಗಳ ನಂತರ ಕತ್ತಿನ ಬುಡದಲ್ಲಿ ಹಕ್ಕಳೆಗಟ್ಟಿ, ತೂತಾಗಿ, ತಿಂದದ್ದು ಹೊರಗೆ ಸೋರಿದಾಗಲೇ ಮನೆಯವರಿಗೆ ಗೊತ್ತಾಗುವುದು. ಮಣಿಕಟ್ಟಿನ ಮೇಲೆ ಹನಿ ಹಾಕಿ ನೋಡುವುದು ಮಗುವಿನ ಹಾಲಿಗೆ ಸಾಕಾಗಬಹುದು, ಇಲ್ಲಿ ಅಡುಗೆಯ ಥರ್ಮಾಮೀಟರನ್ನೇ ಬಳಸಿ. ಮೈಕ್ರೋವೇವಿನಲ್ಲಿ ಬಿಸಿಮಾಡಿದರೆ ನಡುನಡುವೆ ಕುದಿಯುವಷ್ಟು ಬಿಸಿಯಾದ ಭಾಗಗಳು ಉಳಿಯುತ್ತವೆ, ಅದು ಬೇಡ. ಕುದಿಸಿ ಆರಿಸಿದ ನೀರಿನಲ್ಲಿ ಪುಡಿ ಕಲಸಿ, ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟುಕೊಂಡು ತಿನ್ನಿಸುವುದು ಸುಲಭದ ಕ್ರಮ. ಪ್ರತಿ ಹೊತ್ತಿಗೂ ಹೊಸದಾಗಿ ಕಲಸಿ, ಉಳಿದದ್ದನ್ನು ಚೆಲ್ಲಿ. ಫ್ರಿಜ್ಜಿನಲ್ಲಿಟ್ಟು ಮತ್ತೆ ಬಿಸಿಮಾಡುವ ಮಿತವ್ಯಯ ಇಲ್ಲಿ ತುಟ್ಟಿಯಾಗುತ್ತದೆ.

ಒಂದು ಹೊತ್ತಿಗೆ ಮರಿಯ ತೂಕದ ಹತ್ತನೆಯ ಒಂದು ಭಾಗದಷ್ಟು ಆಹಾರ ಸಾಕು. 70 ಗ್ರಾಂ ತೂಗುವ ಮರಿಗೆ ಸುಮಾರು 7 ಮಿಲಿ. ಮೂರು ವಾರದ ಮರಿಗೆ ಬೆಳಗ್ಗೆ ಆರರಿಂದ ರಾತ್ರಿ ಹತ್ತು ಹನ್ನೊಂದರವರೆಗೆ ನಾಲ್ಕು ಗಂಟೆಗೊಮ್ಮೆ, ಐದನೆಯ ವಾರದಲ್ಲಿ ದಿನಕ್ಕೆ ಮೂರು ಸಲ, ಆಮೇಲೆ ಎರಡು ಸಲ ಎಂಬುದು ಸಾಮಾನ್ಯ ಲೆಕ್ಕ. ಆದರೆ ಗಡಿಯಾರಕ್ಕಿಂತ ಚೀಲವನ್ನೇ ನಂಬಿ. ಮುಂದಿನ ಹೊತ್ತಿಗೆ ಅದು ಬಹುಪಾಲು ಇಳಿದಿರಬೇಕು, ಇಳಿಯದಿದ್ದರೆ ಕಾಯಬೇಕು. ತುಂಬಿದ ಚೀಲ ಮೆತ್ತಗೆ ಒತ್ತಿದರೆ ತಗ್ಗುವಂತಿರಬೇಕೇ ಹೊರತು ಬಿಗಿದ ಚೆಂಡಿನಂತೆ ಆಗಬಾರದು. ಮರಿ ಕೂಗುತ್ತದೆಂದು ಇನ್ನಷ್ಟು ತಿನ್ನಿಸುವುದು ಅಜ್ಜಿಯಂದಿರ ಪ್ರೀತಿಯಲ್ಲಿ ಆಗುವ ತಪ್ಪು. ಕಾಕಟೀಲ್ ಮರಿಗಳು ಹೊಟ್ಟೆ ತುಂಬಿದ ಮೇಲೂ ತಲೆಯಾಡಿಸಿ ಕೂಗುತ್ತವೆ.

ತಿನ್ನಿಸುವ ರೀತಿಯ ಬಗ್ಗೆ ನಿಧಾನವಾಗಿ ಓದಿ, ಏಕೆಂದರೆ ಆರೋಗ್ಯವಾಗಿದ್ದ ಮರಿಗಳು ಒಂದೇ ಗಳಿಗೆಯಲ್ಲಿ ಸಾಯುವುದು ಇಲ್ಲಿಯೇ. ಗಿಳಿಯ ನಾಲಿಗೆಯ ಬುಡದಲ್ಲಿ, ನಟ್ಟನಡುವೆ ಶ್ವಾಸನಾಳದ ಬಾಯಿದೆ. ಅನ್ನನಾಳ ಕತ್ತಿನ ಬಲಬದಿಯಲ್ಲಿ ಇಳಿಯುತ್ತದೆ. ಆದ್ದರಿಂದ ಸಿರಿಂಜನ್ನು ಮರಿಯ ಎಡ ಬಾಯಂಚಿನಿಂದ ಒಳಗಿಟ್ಟು ತುದಿಯನ್ನು ಅದರ ಬಲಗಡೆಗೆ ಓರೆಯಾಗಿ ತೋರಿಸಬೇಕು. ಮರಿಯನ್ನು ಜಾರದ ಟವೆಲಿನ ಮೇಲೆ ಅದರ ಕಾಲ ಮೇಲೆಯೇ ಕೂರಿಸಿ, ತಲೆಗೆ ಮಾತ್ರ ಹಗುರವಾಗಿ ಬೆರಳಾಸರೆ ಕೊಡಿ, ಅಂಗಾತ ಮಲಗಿಸಬಾರದು. ಕೊಕ್ಕಿನ ಅಂಚಿಗೆ ಸಿರಿಂಜು ತಾಗಿದೊಡನೆ ಹಸಿದ ಮರಿ ತಲೆಯನ್ನು ಮೇಲೆ ಕೆಳಗೆ ಜೋರಾಗಿ ಆಡಿಸತೊಡಗುತ್ತದೆ. ಹಾಗೆ ಆಡಿಸುತ್ತಿರುವಷ್ಟು ಹೊತ್ತು ಶ್ವಾಸನಾಳದ ಬಾಯಿ ಮುಚ್ಚಿಕೊಂಡಿರುತ್ತದೆ, ಅಷ್ಟು ಹೊತ್ತು ಮಾತ್ರ ಆಹಾರ ಬಿಡಬೇಕು. ಅದು ನಿಂತರೆ ನೀವೂ ನಿಲ್ಲಿಸಿ. ಬಾಯಲ್ಲಿ ಆಹಾರ ಕಂಡರೆ ನುಂಗುವವರೆಗೆ ಕಾಯಿರಿ. ಕೆಮ್ಮಿದರೆ, ಮೂಗಿನಿಂದ ಆಹಾರ ಬಂದರೆ, ಉಸಿರಾಡುವಾಗ ಕಟಕಟ ಸದ್ದು ಕೇಳಿದರೆ ಕೂಡಲೇ ಬಿಟ್ಟು ವೈದ್ಯರಿಗೆ ತಿಳಿಸಿ. ಆಗ ಬದುಕಿಕೊಂಡ ಮರಿಗೂ ಒಂದೆರಡು ದಿನಗಳಲ್ಲಿ ನ್ಯುಮೋನಿಯ ಬರಬಹುದು. ಹೊಸಬರಿಗೆ ನಾನು ಸಿರಿಂಜಿಗಿಂತ ಚಮಚವನ್ನೇ ಹೇಳುತ್ತೇನೆ: ಸಣ್ಣ ಸ್ಟೀಲ್ ಚಮಚದ ಎರಡೂ ಅಂಚನ್ನು ಇಕ್ಕಳದಿಂದ ಮೇಲಕ್ಕೆ ಮಡಚಿ ದೋಣಿಯಾಕಾರ ಮಾಡಿಕೊಂಡರೆ ಮರಿ ತನ್ನ ವೇಗದಲ್ಲಿ ತಾನೇ ಹೀರಿಕೊಳ್ಳುತ್ತದೆ. ಹೊತ್ತು ಹಿಡಿಯುತ್ತದೆ, ಮೈಯೆಲ್ಲ ಮೆತ್ತಿಕೊಳ್ಳುತ್ತದೆ, ಆದರೆ ಅಪಾಯ ಕಡಿಮೆ. ತಿನ್ನಿಸಿದ ಮೇಲೆ ಕೊಕ್ಕನ್ನೂ ಕತ್ತನ್ನೂ ಬೆಚ್ಚನೆಯ ಒದ್ದೆ ಹತ್ತಿಯಿಂದ ಒರೆಸಿ, ಸಿರಿಂಜು ಚಮಚಗಳನ್ನು ತೊಳೆದು ಕುದಿಸಿಡಿ.

ಮರಿಯ ಆರೋಗ್ಯಕ್ಕೆ ನಂಬಬಹುದಾದ ಸಾಕ್ಷಿಯೆಂದರೆ ತೂಕ. ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿಯಲ್ಲಿ ಪ್ರತಿದಿನ ಬೆಳಗ್ಗೆ, ಮೊದಲ ತುತ್ತಿಗೆ ಮುಂಚೆ, ಚೀಲ ಬರಿದಾಗಿರುವಾಗ ತೂಗಿ ಬರೆದಿಡಿ. ಈ ಕೆಲಸವನ್ನು ನಿಮ್ಮ ಮಗಳಿಗೇ ವಹಿಸಬಹುದು. ನಾಲ್ಕು ವಾರದವರೆಗೆ ತೂಕ ದಿನವೂ ಏರಬೇಕು, ಒಂದು ದಿನ ಏರದಿದ್ದರೂ ಕಾರಣ ಹುಡುಕಬೇಕು. ಆ ಹೊತ್ತಿಗೆ ಕಾಕಟೀಲ್ ಮರಿ ಸಾಮಾನ್ಯವಾಗಿ 80ರಿಂದ 100 ಗ್ರಾಂ ಮುಟ್ಟುತ್ತದೆ. ಹಾರಲು ಕಲಿಯುವಾಗ ಹತ್ತರಲ್ಲಿ ಒಂದು ಪಾಲಿನಷ್ಟು ಇಳಿಯುವುದು ಸಹಜ, ಅದಕ್ಕಿಂತ ಹೆಚ್ಚಾದರೆ ಅಲ್ಲ.

ನಾಲ್ಕೂವರೆ, ಐದನೆಯ ವಾರದಿಂದ ಮರಿಯ ಮುಂದೆ ತಿನಿಸನ್ನು ಹರಡಿಡಿ. ತಿನ್ನಲಿ ಬಿಡಲಿ, ಕೊಕ್ಕಿನಲ್ಲಿ ಎತ್ತಿ ಎಸೆದು ಆಡಲಿ. ಈ ವಿಷಯದಲ್ಲಿ ನೀವು ಅದೃಷ್ಟವಂತರು, ಏಕೆಂದರೆ ವಿದೇಶಗಳಲ್ಲಿ ಗಿಳಿಗಳಿಗೆಂದು ಬೆಲೆಕೊಟ್ಟು ಕೊಳ್ಳುವ ತೆನೆ ನಮ್ಮ ನವಣೆಯ ತೆನೆಯೇ. ಔಷಧ ಸಿಂಪಡಿಸದ ಹೊಲದಿಂದ ಒಂದು ಹಿಡಿ ತಂದು ಪಂಜರದ ತಳದ ಬಳಿ ತೂಗುಹಾಕಿ. ಮೊಳಕೆ ಬರಿಸಿ ಚೆನ್ನಾಗಿ ತೊಳೆದ ಹೆಸರುಕಾಳು, ಬೇಯಿಸಿದ ಮೆಕ್ಕೆಜೋಳ, ತುರಿದ ಗಜ್ಜರಿ, ನುಗ್ಗೆಸೊಪ್ಪು, ಬೆಂದ ಮೊಟ್ಟೆಯ ಚೂರು, ಗಿಳಿಗಳಿಗೆಂದು ಗುಳಿಗೆಯ ರೂಪದಲ್ಲಿ ಬರುವ ಪೆಲೆಟ್ ಆಹಾರ, ತಟ್ಟೆಯಂಥ ಆಳವಿಲ್ಲದ ಪಾತ್ರೆಯಲ್ಲಿ ನೀರು ಇವೆಲ್ಲ ಸರದಿಯಲ್ಲಿ ಬರಲಿ. ಸೂರ್ಯಕಾಂತಿ ಬೀಜವನ್ನು ಮಾತ್ರ ಅಪರೂಪಕ್ಕಿಡಿ; ಅದರಲ್ಲಿ ಕೊಬ್ಬು ಹೆಚ್ಚು, ಕ್ಯಾಲ್ಸಿಯಂ ಕಡಿಮೆ, ರುಚಿ ಹತ್ತಿದರೆ ಬೇರೇನನ್ನೂ ಮುಟ್ಟುವುದಿಲ್ಲ. ಬರೀ ಕಾಳು ತಿಂದು ಬೆಳೆದ ಗಿಳಿಗೆ ಎ ಜೀವಸತ್ವದ ಕೊರತೆ ಬರುತ್ತದೆ. ಏಳರಿಂದ ಹತ್ತು ವಾರಗಳೊಳಗೆ ಮರಿ ಕೈತುತ್ತನ್ನು ತಾನಾಗಿ ಒಲ್ಲೆ ಎನ್ನುತ್ತದೆ. ಮೊದಲು ಮಧ್ಯಾಹ್ನದ್ದು, ಆಮೇಲೆ ಬೆಳಗಿನದ್ದು, ಕೊನೆಗೆ ರಾತ್ರಿಯದ್ದು ನಿಲ್ಲಲಿ. ಹಸಿವೆಯಲ್ಲಿಟ್ಟು ಬಿಡಿಸಿದ ಮರಿಗಳು ಅಂಜುಬುರುಕವಾಗುತ್ತವೆ, ದೊಡ್ಡವಾದ ಮೇಲೂ ಕೂಗಿ ಬೇಡುತ್ತವೆ.

ಮನೆಯೊಳಗಿನ ಹೊಗೆಯ ಬಗ್ಗೆ ಎಚ್ಚರವಿರಲಿ. ಗಿಳಿಯ ಶ್ವಾಸಕೋಶ ನಮ್ಮದಕ್ಕಿಂತ ಬಹಳ ಸೂಕ್ಷ್ಮ. ಅತಿಯಾಗಿ ಕಾದ ನಾನ್‌ಸ್ಟಿಕ್ ಕಾವಲಿಯ ಹೊಗೆಯೊಂದೇ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಒಣಮೆಣಸಿನಕಾಯಿ ಒಗ್ಗರಣೆಯ ಘಾಟು, ಅಗರಬತ್ತಿ, ಲೋಬಾನ, ಸೊಳ್ಳೆಬತ್ತಿ ಯಾವುವೂ ಅದಿರುವ ಕೋಣೆಗೆ ಸೇರಬಾರದು. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಈರುಳ್ಳಿ, ಉಪ್ಪಿನ ತಿಂಡಿಗಳು ನಿಷಿದ್ಧ. ಗಿಳಿಗಳಿಂದ ಮನುಷ್ಯರಿಗೆ ಸಿಟಕೋಸಿಸ್ ಎಂಬ ಸೋಂಕು ಹರಡಬಹುದಾದ್ದರಿಂದ ಹಿಕ್ಕೆ ಒರೆಸಿದ ಮೇಲೆ ಕೈ ತೊಳೆಯಲೇಬೇಕು, ಮಗಳು ಮರಿಗೆ ಬಾಯಿಂದ ಬಾಯಿಗೆ ತಿನಿಸು ಕೊಡದಂತೆ ನೋಡಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಜ್ವರ, ಒಣಕೆಮ್ಮು ಬಂದರೆ ಮನೆಯಲ್ಲಿ ಗಿಳಿಯಿರುವುದನ್ನು ವೈದ್ಯರಿಗೆ ಹೇಳಿ.

ಕೈಯಲ್ಲಿ ತಿನ್ನಿಸಿ ಬೆಳೆಸಿದರೆ ಹೊಂದಿಕೊಳ್ಳುತ್ತದೆ ಎಂದು ನಿಮಗೆ ಹೇಳಿದ ಮಾತನ್ನು ನಾನು ಒಪ್ಪುವುದಿಲ್ಲ. ತಂದೆತಾಯಿಯೇ ತಿನ್ನಿಸಿ ಬೆಳೆಸಿದ, ಗೂಡಿನಲ್ಲಿರುವಾಗ ದಿನಕ್ಕೆ ಕೆಲವು ನಿಮಿಷ ಮನುಷ್ಯರ ಕೈಯಲ್ಲಿ ಕುಳಿತ ಮರಿಗಳೂ ಅಷ್ಟೇ ಸಾಧುವಾಗುತ್ತವೆ. ಪಳಗಿಸುವುದು ಒಡನಾಟವೇ ಹೊರತು ಸಿರಿಂಜಲ್ಲ. ತಾನಾಗಿ ತಿನ್ನದ ಮರಿಯನ್ನು ಮಾರುವುದರಿಂದ ವಾರಗಟ್ಟಲೆಯ ದುಡಿಮೆಯೂ ಅಪಾಯವೂ ಮಾರುವವನಿಂದ ಕೊಳ್ಳುವವನ ಹೆಗಲಿಗೆ ದಾಟುತ್ತದೆ, ಅಷ್ಟೇ. ಮುಂದೆ ಯಾರಾದರೂ ನಿಮ್ಮನ್ನು ಕೇಳಿದರೆ, ಕಾಳು ಒಡೆದು ತಿನ್ನುವುದನ್ನು ಕಣ್ಣಾರೆ ಕಂಡ ಮೇಲೆಯೇ ಹಕ್ಕಿ ಕೊಳ್ಳಲು ಹೇಳಿ. ಈಗ ತಂದಾಗಿರುವ ಮರಿಯನ್ನು ಅಂಗಡಿಗೆ ಮರಳಿಸುವುದರಿಂದ ಅದಕ್ಕೇನೂ ಒಳಿತಾಗದು.

ಹಸಿರು ಗಿಣಿಯ ಮರಿಯ ಪ್ರಶ್ನೆಗೆ ಉತ್ತರ ಇಲ್ಲ ಎಂದೇ. ಕಾಕಟೀಲ್ ಆಸ್ಟ್ರೇಲಿಯ ಮೂಲದ, ಪಂಜರದಲ್ಲೇ ತಲೆಮಾರುಗಳಿಂದ ಬೆಳೆದ ಹಕ್ಕಿ, ಅದನ್ನು ಸಾಕಲು ಅಡ್ಡಿಯಿಲ್ಲ. ನಮ್ಮ ತೋಟಗಳ ಗಿಣಿಯಾದರೋ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಹಿಡಿಯುವುದು, ಕೊಳ್ಳುವುದು, ಮಾರುವುದು, ಮನೆಯಲ್ಲಿ ಸಾಕುವುದು ಎಲ್ಲವೂ ಅಪರಾಧ, ಕರುಣೆಯಿಂದ ಇಟ್ಟುಕೊಂಡೆವೆಂಬುದು ಸಮರ್ಥನೆಯಾಗದು. ಎರಡು ಮರಿಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟರೆ ಒಂದರ ರೋಗ ಇನ್ನೊಂದಕ್ಕೆ ಹತ್ತುವುದು ಖಚಿತವೆನ್ನುವಷ್ಟು ಸುಲಭ, ಹಾಗಾಗಿ ಇಂದೇ ಬೇರೆ ಕೋಣೆಗೆ ಸರಿಸಿ, ಒಂದನ್ನು ಮುಟ್ಟಿದ ಕೈಯನ್ನು ತೊಳೆಯದೆ ಇನ್ನೊಂದನ್ನು ಮುಟ್ಟಬೇಡಿ. ಮರ ಕಡಿದದ್ದು ಇತ್ತೀಚೆಗಾಗಿದ್ದು, ತಾಯಿಗಿಣಿಗಳು ಆ ಜಾಗದಲ್ಲಿ ಇನ್ನೂ ಸುತ್ತುತ್ತಿದ್ದರೆ ಆಶೆಯಿದೆ. ಪೊಟರೆಯಿರುವ ಕಾಂಡದ ತುಂಡನ್ನೋ ಮರದ ಪೆಟ್ಟಿಗೆಯನ್ನೋ ಪಕ್ಕದ ಮರಕ್ಕೆ ಎತ್ತರದಲ್ಲಿ ಕಟ್ಟಿ ಮರಿಯನ್ನು ಅದರಲ್ಲಿಟ್ಟು ದೂರದಿಂದ ಗಮನಿಸಬಹುದು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬುದು ಸುಳ್ಳು. ಇದನ್ನು ಮಾಡುವ ಮೊದಲು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ವಿಷಯ ತಿಳಿಸಿ. ತಾಯಿಗಿಣಿಗಳು ಸಂಜೆಯವರೆಗೂ ಬಾರದಿದ್ದರೆ ಮರಿಯನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಹಾಲು ಬ್ರೆಡ್ಡು ಏನನ್ನೂ ಬಾಯಿಗೆ ಹಾಕದೆ, ಇಲಾಖೆಯವರು ಸೂಚಿಸಿದಲ್ಲಿಗೆ ಒಪ್ಪಿಸಿ.